ಕೈಜಾರಿ ಬಿದ್ದದ್ದು

ಪ್ರತಿ ಮಂಗಳವಾರ ಬೆಳಿಗ್ಗೆ ಒಂಬತ್ತರೊಳಗೆ ಭೀಮರಾಜ್ ಚಿಕ್ಕಜಾಲದ ಆಚೆಗಿನ ಆ ದೊಡ್ಡ ಗೋದಾಮಿನಲ್ಲಿರುತ್ತಿದ್ದ. ಯಶವಂತಪುರದಿಂದ ಬೈಕಿನಲ್ಲಿ ಹೊರಟು ಹೆಬ್ಬಾಳ ದಾಟುವಷ್ಟರಲ್ಲೇ ಅರ್ಧ ತ್ರಾಣ ಉಡುಗಿ ಹೋಗಿರುತ್ತಿತ್ತು. ಗೇಟಿನಲ್ಲಿ ಚೀಲ ಬಿಚ್ಚಿ ತೋರಿಸಿ, ಸರಕು ಇಳಿಸುವ ಬಾಗಿಲ ಪಕ್ಕದ ಮೇಜಿನ ಮುಂದೆ ಕೂತು ಕನ್ನಡಕ ಏರಿಸಿದನೆಂದರೆ ಊಟದ ಹೊತ್ತಿನವರೆಗೆ ತಲೆ ಎತ್ತುತ್ತಿರಲಿಲ್ಲ. ವಾರವಿಡೀ ಕೆಟ್ಟ ಬಾರ್‌ಕೋಡ್ ಸ್ಕ್ಯಾನರುಗಳು ಒಂದು ನೀಲಿ ಟ್ರೇನಲ್ಲಿ ಅವನಿಗಾಗಿ ಕಾದಿರುತ್ತಿದ್ದವು. ಪಿಸ್ತೂಲಿನ ಆಕಾರದ ಅವನ್ನು ಅಲ್ಲಿಯ ಕೆಲಸಗಾರರೆಲ್ಲ ಗನ್ನು ಎಂದೇ ಕರೆಯುತ್ತಿದ್ದರು. ಒಂದರ ಗಾಜು ಗೀಚಿಹೋಗಿರುತ್ತಿತ್ತು, ಇನ್ನೊಂದರ ಟ್ರಿಗರ್ ಸಡಿಲವಾಗಿರುತ್ತಿತ್ತು. ಪ್ರತಿಯೊಂದರ ಮೇಲೂ ಅದನ್ನು ಹಿಡಿದು ಕೆಲಸ ಮಾಡುವವರ ನಂಬರಿನ ಚೀಟಿ ಅಂಟಿರುತ್ತಿತ್ತು.

ಕೆಲಸದಲ್ಲಿ ಅವನಿಗೆ ಸಾಟಿಯಿರಲಿಲ್ಲ. ಇಪ್ಪತ್ತು ವರ್ಷದಿಂದ ಅಂಗಡಿ, ಔಷಧಿ ಮಳಿಗೆ, ಗೋದಾಮುಗಳ ಸ್ಕ್ಯಾನರುಗಳನ್ನೇ ಬಿಚ್ಚಿ ಜೋಡಿಸಿದ ಕೈ. ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಿಸಿದರೆ ಒಳಗೆ ಯಾವುದು ಕಳಚಿದೆ ಎಂದು ಹೇಳಬಲ್ಲ.

ರಿಪೇರಿ ಮುಗಿದ ಮೇಲೆ ಪ್ರತಿ ಗನ್ನಿಗೂ ಒಂದು ಹಾಳೆ ತುಂಬಿ ಸಹಿ ಹಾಕಬೇಕಿತ್ತು. ಅದರಲ್ಲಿ 'ಕಾರಣ' ಎಂಬುದೊಂದು ಕಾಲಂ. ಅಲ್ಲಿ ಭೀಮರಾಜ್ ಎರಡು ವರ್ಷದಿಂದ ಹೆಚ್ಚುಕಡಿಮೆ ಒಂದೇ ಮಾತು ಬರೆಯುತ್ತಿದ್ದ: ಕೈಜಾರಿ ಬಿದ್ದದ್ದು.

ಅದನ್ನು ಹೇಳಿಕೊಟ್ಟವನು ಶೇಖರಪ್ಪ, ಅವನು ಕೆಲಸಕ್ಕಿದ್ದ ರಿಪೇರಿ ಅಂಗಡಿಯ ಮಾಲೀಕ; ಗೋದಾಮಿನ ರಿಪೇರಿ ಗುತ್ತಿಗೆ ಆ ಅಂಗಡಿಯದು. ಆ ಗೋದಾಮಿಗೆ ಒಟ್ಟಿಗೇ ಬಂದಿದ್ದ ಇನ್ನೂರು ಗನ್ನುಗಳಲ್ಲಿ ಒಂದು ಹುಟ್ಟುದೋಷವಿತ್ತು. ಬ್ಯಾಟರಿ ಕೂರುವ ಕಡೆಯ ಬೆಸುಗೆ ಕೆಲವೇ ವಾರಗಳಲ್ಲಿ ಬಿರುಕು ಬಿಡುತ್ತಿತ್ತು. ಗನ್ನಿನ ಮೂತಿಯನ್ನು ಮೇಲಕ್ಕೆತ್ತಿದಾಗ ಬ್ಯಾಟರಿ ಕೂದಲೆಳೆಯಷ್ಟು ಹಿಂದೆ ಸರಿದು ಇಡೀ ಯಂತ್ರವೇ ಆರಿಹೋಗುತ್ತಿತ್ತು. ಭೀಮರಾಜ್ ಮೊದಲ ತಿಂಗಳೇ ಇದನ್ನು ಕಂಡುಹಿಡಿದು ಮಾಲೀಕನಿಗೆ ತಿಳಿಸಿದ್ದ.

"ಮಷೀನಿಂದೇ ತಪ್ಪು ಅಂತ ಬರೆದ್ರೆ ಎಲ್ಲಾನೂ ತಯಾರು ಮಾಡಿದೋರಿಗೆ ವಾಪಸ್ ಕಳಿಸ್ಬೇಕು ಗುರು," ಎಂದಿದ್ದ ಶೇಖರಪ್ಪ. "ಆರು ತಿಂಗಳು ನಮಗೂ ಕೆಲಸ ಇಲ್ಲ, ಅವರಿಗೂ ಗನ್ ಇಲ್ಲ. ಬಿತ್ತು ಅಂತ ಬರಿ. ಅದರಿಂದ ಯಾರಿಗೇನು ನಷ್ಟ?"

ಯಾರಿಗೂ ನಷ್ಟವಿಲ್ಲ ಎಂದೇ ಭೀಮರಾಜ್ ಕೂಡ ಅಂದುಕೊಂಡ. ಆ ಹಾಳೆಗಳು ಯಾವುದೋ ಕಡತಕ್ಕೆ ಹೋಗಿ ಧೂಳು ತಿನ್ನುತ್ತವೆ ಎಂಬುದು ಅವನ ಎಣಿಕೆ.

ಮುನಿಕೃಷ್ಣಮ್ಮ ಮೊದಲ ಸಲ ಅವನ ಮೇಜಿನ ಹತ್ತಿರ ಬಂದದ್ದು ಯುಗಾದಿ ಮುಗಿದ ವಾರ. ನಲವತ್ತರ ಆಸುಪಾಸಿನ, ಗಟ್ಟಿ ಮೈಕಟ್ಟಿನ ಹೆಂಗಸು. ಚಿಕ್ಕಜಾಲದವಳೇ. ಮೇಲಿನ ಸಾಲಿನ ರ್‍ಯಾಕುಗಳಿಂದ ಡಬ್ಬಗಳನ್ನು ಹುಡುಕಿ, ಗನ್ನು ತೋರಿಸಿ, ಇಳಿಸಿ ಕೊಡುವುದು ಅವಳ ಕೆಲಸ.

"ಅಣ್ಣಾ, ನಾನು ಇದನ್ನ ಬೀಳ್ಸಿಲ್ಲ," ಎಂದಳು. "ಮೇಲಕ್ಕೆ ಇಂಗೆ ಎತ್ತಿದ್ರೆ ಆಫಾಗೋಯ್ತದೆ. ಮತ್ತೆ ಅದು ಉಸಿರಾಡೋಕೆ ಎಲ್ಡು ನಿಮಿಷ ಬೇಕು. ಅಷ್ಟೊತ್ತೂ ನಾನು ಸುಮ್ನೆ ನಿಂತಿದ್ದೆ ಅಂತ ಮೇಲೆ ಕಂಪ್ಯೂಟ್ರಾಗೆ ಬರ್ತದಂತೆ."

"ಸರಿ ಬಿಡಮ್ಮ, ನೋಡ್ತೀನಿ," ಎಂದ ಭೀಮರಾಜ್.

ನೋಡಿದ. ಹೊರಗಡೆ ಪೆಟ್ಟಿನ ಒಂದು ಗುರುತೂ ಇರಲಿಲ್ಲ. ಒಳಗೆ ಅದೇ ಬಿರುಕು. ಬೆಸುಗೆ ಹಾಕಿದ, ಮುಚ್ಚಿದ, ಹಾಳೆ ತುಂಬಿದ. ಕೈ ತನ್ನಷ್ಟಕ್ಕೆ ತಾನೇ ಬರೆಯಿತು: ಕೈಜಾರಿ ಬಿದ್ದದ್ದು.

ಮುಂದಿನ ತಿಂಗಳು ಅದೇ ಗನ್ನು ಮತ್ತೆ ಬಂತು. ಮೂರನೆಯ ಸಲ ಬಂದಾಗ ಅದರ ಹಿಡಿಗೆ ಹಸಿರು ಸೀರೆಯ ಅಂಚಿನಿಂದ ಹರಿದ ಪಟ್ಟಿಯೊಂದನ್ನು ಬಿಗಿಯಾಗಿ ಸುತ್ತಿ, ಇನ್ನೊಂದು ತುದಿಯಲ್ಲಿ ಕೈ ತೂರಿಸಲು ಕುಣಿಕೆ ಮಾಡಿತ್ತು. ಬೀಳಿಸಿದೆ ಎಂದು ಇನ್ನು ಯಾರೂ ಹೇಳಬಾರದೆಂದು ಮುನಿಕೃಷ್ಣಮ್ಮ ಅದನ್ನು ಮಣಿಕಟ್ಟಿಗೆ ಕಟ್ಟಿಕೊಂಡೇ ಕೆಲಸ ಮಾಡುತ್ತಿದ್ದಳು. ಗಂಟು ಬಿಚ್ಚಲು ಬರಲಿಲ್ಲ. ಭೀಮರಾಜ್ ಬ್ಲೇಡಿನಿಂದ ಪಟ್ಟಿ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ. ಬ್ಲೇಡ್ ಕೆಳಗಿಡುವಾಗ ಒಂದು ಕ್ಷಣ ಏನೋ ಚುಚ್ಚಿದಂತಾಯಿತು. ಆದರೆ ಟ್ರೇನಲ್ಲಿ ಇನ್ನೂ ಒಂಬತ್ತು ಗನ್ನುಗಳಿದ್ದವು. ಹಾಳೆ ಎಳೆದುಕೊಂಡು ಎಂದಿನ ಮಾತನ್ನೇ ಬರೆದ.

ಅವಳು ಹೊಸದೊಂದು ಪಟ್ಟಿ ಹರಿದು ಕಟ್ಟಿಕೊಂಡಳು.

ಅದಾಗಿ ಮೂರು ವಾರಕ್ಕೆ, ಆರನೆಯ ಸಾಲಿನ ಡಬ್ಬಕ್ಕೆಂದು ಏಣಿಯ ಮೇಲೆ ನಿಂತು ಗನ್ನು ಎತ್ತಿದಾಗ ಅದು ಆರಿಹೋಯಿತು. ಹಿಂದೆ ಬಿದ್ದ ಲೆಕ್ಕವನ್ನು ಸರಿದೂಗಿಸಲು ಅವಳು ಮಧ್ಯಾಹ್ನದಿಂದ ನೀರು ಕುಡಿಯಲೂ ಇಳಿದಿರಲಿಲ್ಲವಂತೆ. ಗನ್ನನ್ನು ಜಾಡಿಸಿದಳು. ಕಾಲು ತಪ್ಪಿತು. ಕುಣಿಕೆ ರ್‍ಯಾಕಿನ ಕಬ್ಬಿಣದ ಕೊಕ್ಕೆಗೆ ಸಿಕ್ಕಿಕೊಂಡು, ಮೈ ಕೆಳಗೆ ಬಂದರೂ ಕೈ ಮೇಲೆಯೇ ಉಳಿಯಿತು. ಬಟ್ಟೆ ಹರಿದು ಅವಳು ನೆಲಕ್ಕೆ ಬೀಳುವ ಹೊತ್ತಿಗೆ ಮಣಿಕಟ್ಟು ಮುರಿದು ಹೆಬ್ಬೆರಳಿನ ನರ ಕಿತ್ತುಹೋಗಿತ್ತು.

ಮುಂದಿನ ಮಂಗಳವಾರ ಸುದ್ದಿ ಹೇಳಿದವನು ಗೋದಾಮಿನ ಮ್ಯಾನೇಜರ್ ಯಶವಂತ್. ಭೀಮರಾಜನನ್ನು ತನ್ನ ಕೋಣೆಗೆ ಕರೆಸಿ ಚಹಾ ತರಿಸಿದ.

"ಶುಕ್ರವಾರ ವಿಚಾರಣೆ ಇದೆ ಭೀಮರಾಜ್ ಅವರೇ. ಹೊರಗಿನಿಂದ ವಕೀಲರು ಬರ್ತಾರೆ. ನೀವು ಬಂದು ಗನ್ನಲ್ಲಿ ದೋಷ ಇರ್ಲಿಲ್ಲ, ಆಕೆ ಪದೇ ಪದೇ ಬೀಳಿಸ್ತಿದ್ರು ಅಂತ ಹೇಳಿದ್ರೆ ಸಾಕು. ನೀವೇ ಬರೆದು ಕೊಟ್ಟಿರೋದಲ್ವಾ."

"ಹೇಳಿದ್ರೆ ಆಯಮ್ಮನಿಗೆ ಏನಾಗುತ್ತೆ?"

"ಕೆಲಸ ಹೋಗುತ್ತೆ. ನಿಯಮ ಮೀರಿ ಗನ್ ಕಟ್ಕೊಂಡಿದ್ದು, ಮೂರು ಸಲ ಬೀಳಿಸಿದ್ದು. ಮೂರನೇ ಹಾಳೆ ಬಂದಾಗಿನಿಂದಲೇ ಕಾಗದ ತಯಾರಾಗ್ತಿತ್ತು." ಯಶವಂತ್ ದನಿ ತಗ್ಗಿಸಿದ. "ನನಗೂ ಬೇಜಾರಿದೆ ಕಣ್ರೀ. ಆದ್ರೆ ಮಷೀನಿಂದು ತಪ್ಪು ಅಂದ್ರೆ ನಾಳೆ ಇನ್ನೂರು ಗನ್ನೂ ನಿಲ್ಲಿಸ್ಬೇಕು. ಮುನ್ನೂರು ಜನ ಮನೇಲಿ ಕೂರ್ತಾರೆ. ಅವರೂ ಬಡವರೇ. ಅವರಿಗೆ ನಾನೇನು ಹೇಳ್ಲಿ?"

ಮಾತಿನಲ್ಲಿ ಸುಳ್ಳಿರಲಿಲ್ಲ. ಭೀಮರಾಜ್ ಮುಂದಿದ್ದ ಕಡತ ತಿರುವಿದ. ಅವನದೇ ಅಕ್ಷರ, ಅವನದೇ ಸಹಿ, ಹಾಳೆಯ ಮೇಲೆ ಹಾಳೆ. ನಾಲ್ಕು ಕಡೆ ಹಾಳೆಯ ಹಿಂದೆ ಇನ್ನೊಂದು ಕಾಗದ ಪಿನ್ ಮಾಡಿತ್ತು: ಕೆಲಸದಿಂದ ತೆಗೆದಿದೆ. ಒಂದರಲ್ಲಿ ಅಕ್ಬರಿ ಎಂಬ ಹೆಸರು.

"ಇವರನ್ನೆಲ್ಲ ಇದರ ಮೇಲೇ ತೆಗೆದ್ರಾ?"

"ಮೂರು ಸಲ ಬೀಳಿಸಿದ್ರೆ ತೆಗೀಬೇಕು ಅಂತಾನೇ ನಿಯಮ. ನಿಮಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು. ಚಹಾ ಮುಟ್ಟದೆ ಎದ್ದು ಬಂದ.

ಅಂದು ಸಂಜೆ ನೇರವಾಗಿ ಮನೆಗೆ ಹೋಗಲಾಗಲಿಲ್ಲ. ಚಿಕ್ಕಜಾಲದಲ್ಲಿ ಕೇಳುತ್ತ ಕೇಳುತ್ತ ಮುನಿಕೃಷ್ಣಮ್ಮನ ಮನೆ ಹುಡುಕಿದ. ಅವಳ ಮಗಳು ಮೋನಿಷಾ ಬಾಗಿಲು ತೆರೆದಳು. ಕಾಲೇಜಿಗೆ ಹಾಕುತ್ತಿದ್ದ ಬಟ್ಟೆಯಲ್ಲೇ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳೆಂದು ಕಾಣುತ್ತದೆ, ಕೈಯಲ್ಲಿ ಕೋಲಿತ್ತು. ಕಾಲೇಜು ಬಿಟ್ಟು ಒಂದು ವಾರವಾಯಿತೆಂದು ಆಮೇಲೆ ತಿಳಿಯಿತು. ತಂದೆ ತೀರಿಕೊಂಡ ಮನೆ, ತಾಯಿಗೆ ತಲೆ ಬಾಚುವುದರಿಂದ ಹಿಡಿದು ಎಲ್ಲವನ್ನೂ ಅವಳೇ ಮಾಡಬೇಕು.

ಮುನಿಕೃಷ್ಣಮ್ಮ ಗೋಡೆಗೆ ಒರಗಿ ಕೂತಿದ್ದಳು. ಬಲಗೈ ಮೊಣಕೈವರೆಗೂ ಬಿಳಿ ಪಟ್ಟಿಯಲ್ಲಿತ್ತು. ಅವನನ್ನು ನೋಡಿ ಎದ್ದು ನಿಲ್ಲಲು ಹೋದಳು.

"ಕೂತ್ಕೊಳ್ಳಿ ಮುನಿಕೃಷ್ಣಮ್ಮನೋರೇ, ಕೂತ್ಕೊಳ್ಳಿ."

ಏನು ಹೇಳಬೇಕೆಂದು ಅವನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಅದಕ್ಕೆ ಮೊದಲೇ ಅವಳು ಮಾತು ತೆಗೆದಳು.

"ಅಣ್ಣಾ, ನೀವು ಮೂರು ಸಲ ಬಿಚ್ಚಿ ನೋಡಿದ್ರಲ್ಲ. ಒಳಗೆ ಏನಿತ್ತು? ನಿಜ ಏಳಿ."

"ಬೆಸುಗೆ ಬಿಟ್ಟಿತ್ತು. ಮಾಡುವಾಗಲೇ ಸರಿಯಾಗಿ ಮಾಡಿಲ್ಲ. ಎಲ್ಲಾ ಗನ್ನಲ್ಲೂ ಹಾಗೇ ಇದೆ."

"ಅಂಗಾದ್ರೆ ನಾನು ಬೀಳ್ಸಿರ್ಲಿಲ್ಲ."

"ಇಲ್ಲ. ನೀವು ಬೀಳಿಸಿರ್ಲಿಲ್ಲ."

ಅವಳು ಪಟ್ಟಿ ಕಟ್ಟಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಮೆಲ್ಲಗೆ, "ನಂಗೇ ಅನುಮಾನ ಬಂದ್ಬುಟ್ಟಿತ್ತು ಕಣಣ್ಣ," ಎಂದಳು. "ಓದಿದೋರು, ಕಸುಬು ಗೊತ್ತಿರೋರು ಬರ್ದವ್ರೆ ಅಂದ್ರೆ ಸುಳ್ಳಾಯ್ತದಾ? ನಾನೇ ಎಲ್ಲೋ ಬೀಳ್ಸಿ ಮರ್ತೋಗಿರ್ಬೈದು, ನನ್ನ ತಲೆ ನೆಟ್ಟಗಿಲ್ವೇನೋ ಅಂತ. ಅದಕ್ಕೇ ಕಟ್ಕಂಡೆ."

ಮೋನಿಷಾ ಒಲೆಯ ಹತ್ತಿರದಿಂದಲೇ ತಿರುಗಿ ನೋಡಿದಳು. "ನಿಜ ಗೊತ್ತಿದ್ದೂ ಯಾಕ್ ಹಾಗೆ ಬರೆದ್ರಿ ಅಂಕಲ್?"

ಅಭ್ಯಾಸ ಎಂದು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ.

ಶೇಖರಪ್ಪನಿಗೆ ಮರುದಿನವೇ ವಿಷಯ ತಿಳಿಸಿದ. ಶೇಖರಪ್ಪ ಕೂಗಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಆ ಗೋದಾಮು ಹೋದ್ರೆ ಅಂಗಡೀಲಿ ಇಬ್ಬರನ್ನ ಕಳಿಸ್ಬೇಕಾಗುತ್ತೆ ಭೀಮಾ. ಅದರಲ್ಲಿ ಒಬ್ಬ ನೀನೇ ಆಗ್ತೀಯ. ಇನ್ನೊಬ್ಬನ ಪಾಪ ಯಾರು ಹೊರ್ತಾರೆ?"

"ಗೊತ್ತಿಲ್ಲ ಅಣ್ಣ. ಆದ್ರೆ ಆಯಮ್ಮನ ಕೈ ನೋಡಿ ಬಂದಿದ್ದೀನಿ."

"ಬರಿ ಅಂತ ನಾನೇ ಹೇಳಿದ್ದು. ನನ್ನ ಹೆಸರೂ ಹೇಳ್ತೀಯಾ?"

"ಪೆನ್ನು ಹಿಡಿದಿದ್ದು ನಾನು. ಕೇಳಿದ್ರೆ ಮಾತ್ರ ಹೇಳ್ತೀನಿ. ಕೇಳಿದ್ರೆ ಮುಚ್ಚಿಡಲ್ಲ."

ಶುಕ್ರವಾರ ಗೋದಾಮಿನ ಮಹಡಿಯ ಕೋಣೆಯಲ್ಲಿ ಐದಾರು ಜನರಿದ್ದರು. ನಡುವೆ ವಯಸ್ಸಾದ ವಕೀಲರು, ಪಕ್ಕದಲ್ಲಿ ಯಶವಂತ್, ಎದುರಿಗೆ ಮಗಳ ಜೊತೆ ಮುನಿಕೃಷ್ಣಮ್ಮ. ಅಪಘಾತದ ದಿನದ ಗನ್ನು, ಹರಿದ ಹಸಿರು ಪಟ್ಟಿಯ ಸಮೇತ, ಒಂದು ಪ್ಲಾಸ್ಟಿಕ್ ಚೀಲದಲ್ಲಿತ್ತು.

"ಈ ಮೂರೂ ಹಾಳೆ ನಿಮ್ಮದೇ ತಾನೆ?" ಎಂದು ವಕೀಲರು ಕೇಳಿದರು.

"ನನ್ನದೇ ಸ್ವಾಮಿ. ಸುಳ್ಳು ಬರೆದಿದ್ದೀನಿ."

ಯಶವಂತ್ ಕುರ್ಚಿಯಲ್ಲಿ ಅಲುಗಾಡಿದ. ಭೀಮರಾಜ್ ಅಪ್ಪಣೆ ಕೇಳಿ ಗನ್ನನ್ನು ಚೀಲದಿಂದ ಹೊರತೆಗೆದ. ತುಂಬಿದ ಬ್ಯಾಟರಿ ಹಾಕಿದ. ಪರದೆ ಬೆಳಗಿತು. ಮೇಜಿನ ಮೇಲಿದ್ದ ಡಬ್ಬಕ್ಕೆ ಹಿಡಿದು ಒತ್ತಿದಾಗ ಬೀಪ್ ಎಂದಿತು. ಆಮೇಲೆ ಆರನೆಯ ಸಾಲಿಗೆ ಎತ್ತುವ ಹಾಗೆ ಕೈ ಮೇಲೆತ್ತಿದ. ಪರದೆ ಕಪ್ಪಾಯಿತು.

ಕೈ ಇಳಿಸಿ ಗನ್ನನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟ. "ಮತ್ತೆ ಶುರುವಾಗೋವರೆಗೂ ದಯವಿಟ್ಟು ಕಾಯ್ಬೇಕು ಸ್ವಾಮಿ," ಎಂದಷ್ಟೇ ಹೇಳಿದ.

ಎಲ್ಲರೂ ಕಾದರು. ಕೆಳಗಡೆ ಗಾಡಿಗಳು ಓಡಾಡುವ ಸದ್ದು ಕೇಳಿಸುತ್ತಿತ್ತು. ಯಶವಂತ್ ಒಮ್ಮೆ ಗಡಿಯಾರ ನೋಡಿದ. ವಕೀಲರು ಪೆನ್ನಿನ ಮುಚ್ಚಳ ಹಾಕಿ ಮತ್ತೆ ತೆಗೆದರು. ಒಂದು ನಿಮಿಷ ಕಳೆಯಿತು. ಯಾರೋ ಕೆಮ್ಮಿದರು. ಕಪ್ಪು ಪರದೆ ಕಪ್ಪಾಗಿಯೇ ಇತ್ತು. ಹಾಗೆ ಸುಮ್ಮನೆ ಕೂತಿರುವುದು ಎಷ್ಟು ದೊಡ್ಡ ಹೊತ್ತು ಎಂಬುದು ಆ ಕೋಣೆಯಲ್ಲಿದ್ದ ಒಬ್ಬೊಬ್ಬರ ಮುಖದಲ್ಲೂ ಕಾಣಿಸತೊಡಗಿತು. ಮುನಿಕೃಷ್ಣಮ್ಮ ಮಾತ್ರ ಅಲುಗಾಡದೆ ಕೂತಿದ್ದಳು. ಅವಳಿಗೆ ಅದು ರೂಢಿ.

ಪರದೆ ಬೆಳಗಿದಾಗ ವಕೀಲರು ಕೇಳಿದರು, "ದಿನಕ್ಕೆ ಎಷ್ಟು ಸಲ ಹೀಗಾಗ್ತಿತ್ತಮ್ಮ?"

"ಮೂವತ್ತು, ನಲವತ್ತು ಸಲ ಸಾ."

ಅವರು ಬರೆದುಕೊಂಡರು. ಯಶವಂತ್ ತಲೆ ತಗ್ಗಿಸಿದ್ದ.

ಎಲ್ಲವೂ ಸರಿಹೋಯಿತೆಂದು ಹೇಳುವಂತಿಲ್ಲ. ಮುನಿಕೃಷ್ಣಮ್ಮನ ಮೇಲಿನ ಆರೋಪ ಬಿದ್ದುಹೋಯಿತು. ಇನ್ನೂರು ಗನ್ನುಗಳು ವಾಪಸಾದವು, ಹೊಸವು ಬರುವವರೆಗೆ ಜನ ಕಾಗದದ ಪಟ್ಟಿ ಹಿಡಿದು ಕೆಲಸ ಮಾಡಿದರು. ಆದರೆ ಅವಳ ಹೆಬ್ಬೆರಳು ಮಡಚಲಿಲ್ಲ. ಹಗುರವಾದ ಕೆಲಸ ಕೊಡುತ್ತೇವೆ ಎಂದವರು ಇನ್ನೂ ಕರೆ ಕಳಿಸಿಲ್ಲ. ಭೀಮರಾಜ್ ಹೋಗಿ ಫಲಿತಾಂಶ ತಿಳಿಸಿ ಕೈಮುಗಿದಾಗ ಅವಳು ತಿರುಗಿ ಕೈಮುಗಿಯಲಿಲ್ಲ. "ಮೊದಲ್ನೇ ಸಲ ಬಂದಾಗ್ಲೇ ಬರೀಬೋದಿತ್ತು," ಎಂದಳು, ಅಷ್ಟೆ. ಬೈಗುಳವಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಶೇಖರಪ್ಪ ಹೇಳಿದ ಹಾಗೆಯೇ ಆ ಗುತ್ತಿಗೆ ಹೋಯಿತು. ಅಂಗಡಿಯಿಂದ ಇಬ್ಬರು ಹೊರಬಂದರು. ಈಗ ಭೀಮರಾಜ್ ಚೀಲ ಹೆಗಲಿಗೆ ಹಾಕಿಕೊಂಡು ಸಣ್ಣ ಅಂಗಡಿಗಳ ಸ್ಕ್ಯಾನರು ರಿಪೇರಿ ಮಾಡುತ್ತಾ ತಿರುಗುತ್ತಾನೆ. ತನ್ನ ಜೊತೆ ಕೆಲಸ ಕಳೆದುಕೊಂಡವನಿಗೆ ಕೆಂಪಾಪುರದ ಒಂದು ಕಡೆ ಕೆಲಸ ಹುಡುಕಿಕೊಡಲು ತಿಂಗಳೊಂದು ಅಲೆದ.

ಕಡತದಲ್ಲಿ ಕಂಡ ಆ ನಾಲ್ಕು ಹೆಸರು ಮಾತ್ರ ಅವನನ್ನು ಬಿಡಲಿಲ್ಲ. ತನ್ನಲ್ಲಿದ್ದ ನಕಲು ಪ್ರತಿಗಳನ್ನು ಹುಡುಕಿ, ನಾಲ್ವರಿಗೂ ಹೊಸ ಹಾಳೆ ಬರೆದು ಸಹಿ ಹಾಕಿದ. ಹಳಬರನ್ನು ವಿಚಾರಿಸಿ ವಿಳಾಸ ಸಂಪಾದಿಸಿದ. ಮೊದಲು ಸಿಕ್ಕಿದ್ದು ಅಕ್ಬರಿಯದು.

ಒಂದು ಭಾನುವಾರ ಬೆಳಿಗ್ಗೆ ಆರ್.ಟಿ. ನಗರದ ಒಳಗಲ್ಲಿಯೊಂದರಲ್ಲಿ ಅವಳ ಮನೆಯ ಮುಂದೆ ನಿಂತ. ಮೂವತ್ತರ ಹೆಂಗಸು, ಬಾಗಿಲಲ್ಲೇ ಕೂತು ಯಾರದೋ ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದಳು. ಭೀಮರಾಜ್ ತನ್ನ ಹೆಸರು ಹೇಳಿ, ಗೋದಾಮಿನಲ್ಲಿ ಗನ್ನು ರಿಪೇರಿ ಮಾಡುತ್ತಿದ್ದವನು ಎಂದ. ಅವಳ ಸೂಜಿ ನಿಂತಿತು.

"ನಾನು ಬೀಳ್ಸಿಲ್ಲ ಸಾರ್," ಎಂದಳು ತಕ್ಷಣ. ಕೆಲಸ ಹೋಗಿ ಒಂದೂವರೆ ವರ್ಷವಾಗಿತ್ತು.

"ಗೊತ್ತಮ್ಮ. ಅದನ್ನೇ ಬರ್ಕೊಂಡು ಬಂದಿದ್ದೀನಿ."

ಅವಳು ಹಾಳೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ ಅವನಿಗೇ ಮರಳಿ ಕೊಟ್ಟಳು. "ನನಗೆ ಕನ್ನಡ ಓದೋಕೆ ಬರಲ್ಲ. ನೀವೇ ಓದಿ."

ಅವನು ಮೊದಲ ಸಾಲು ಓದುವಷ್ಟರಲ್ಲಿ ಅವಳು ಕೈ ಅಡ್ಡ ಹಿಡಿದಳು.

"ಸ್ವಲ್ಪ ಗಟ್ಟಿಯಾಗಿ ಓದಿ ಸಾರ್. ಒಳಗೆ ನಮ್ಮ ಅತ್ತೆ ಇದ್ದಾರೆ. ಅವರಿಗೂ ಕೇಳ್ಲಿ."

ಭೀಮರಾಜ್ ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಓದತೊಡಗಿದ.