ಸಾದಾತಳ ಆಕ್ಸಿಜನ್ ಚೀಲ

ನಾರಿನ್ ಪಟ್ಟಣದಲ್ಲಿ ಸಾದಾತಳಿಗೆ ಎದುರಾಡುವ ಗಂಡೆದೆ ಯಾರಿಗೂ ಇರಲಿಲ್ಲ. ನಲವತ್ತು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಸಾಲದ್ದಕ್ಕೆ ಬುರುಲ್ಚಾಳ ಗಂಡನ ಅಕ್ಕ.

ಬುರುಲ್ಚಾಳ ಮಗ ಎಲ್ದಿಯಾರನಿಗೆ ಹತ್ತೊಂಬತ್ತು. ಸ್ನಾಯು ಸವೆಯುವ ಹಾಳು ಕಾಯಿಲೆ ಕಾಲು ತಿಂದು, ಕೈ ತಿಂದು, ಈಗ ಎದೆಗೆ ಬಂದಿತ್ತು. ಮಾಸ್ಕಿನ ಮೂಲಕ ಗಾಳಿ ಒತ್ತುವ ಯಂತ್ರವಿಲ್ಲದೆ ಅವನಿಗೆ ನಿದ್ದೆಯಿಲ್ಲ. ನೆಗಡಿಯಾದ ಮೇಲಂತೂ ಹಗಲಲ್ಲೂ ಅದೇ ಗತಿ.

ಮಧ್ಯಾಹ್ನ ಬಂದ ಸಾದಾತ್ ಅವನ ತುಟಿ ನೀಲಿಯಾಗಿದ್ದು ಕಂಡು ಕೆಂಡವಾದಳು.

“ಈ ಪೆಟ್ಟಿಗೆ ಬರೀ ಗಾಳಿ ಊದುತ್ತೆ ಕಣೇ! ಹುಡುಗನಿಗೆ ಬೇಕಾಗಿರೋದು ಆಕ್ಸಿಜನ್.” ಮಾಸ್ಕ್ ಬಿಚ್ಚಿ, ಔಷಧಿ ಅಂಗಡಿಯಿಂದ ತಂದಿದ್ದ ಆಕ್ಸಿಜನ್ ತುಂಬಿದ ರಬ್ಬರ್ ಚೀಲದ ಕೊಳವೆಯನ್ನು ಅವನ ಬಾಯಿಗಿಟ್ಟಳು.

“ನಾನೇನು... ಟೈರಾ, ಅತ್ತೆ?” ಎಂದ ಎಲ್ದಿಯಾರ್.

“ಅಕ್ಕ, ಬಿಷ್ಕೆಕ್ ದೊಡ್ಡಾಸ್ಪತ್ರೆ ಡಾಕ್ಟ್ರು ಬರೀ ಆಕ್ಸಿಜನ್ ಬೇಡ ಅಂದಿದ್ರು. ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗಲ್ವಂತೆ...” ಎಂದಳು ಬುರುಲ್ಚಾ.

“ಆ ಡಾಕ್ಟ್ರು ಹುಟ್ಟೋಕೆ ಮುಂಚೆಯಿಂದ ಈ ಚೀಲ ಹಿಡಿದವಳು ನಾನು. ಹೋಗು, ಚಹಾ ಇಡು.”

ಬುರುಲ್ಚಾ ಹೋದಳು. ಮನಸ್ಸು ಬೇಡವೆಂದರೂ ಇಪ್ಪತ್ತೆರಡು ವರ್ಷದ ಸೊಸೆತನ ಅವಳನ್ನು ಒಲೆಯ ಕಡೆ ನಡೆಸಿತು.

ಚಹಾ ತರುವಷ್ಟರಲ್ಲಿ ಮಗನ ತುಟಿ ಕೆಂಪಾಗಿತ್ತು. “ನೋಡಿದ್ಯಾ? ಎಷ್ಟು ದಿನದ ನಿದ್ದೆಯೋ ಪಾಪ, ಮಲಗಲಿ,” ಎಂದಳು ಸಾದಾತ್.

ಮುಖದಲ್ಲಿ ಕಳೆಯಿತ್ತು, ನಿಜ. ಆದರೆ ಎದೆ ಅಲುಗುವುದು ಕಾಣುತ್ತಿರಲಿಲ್ಲ. ಬುರುಲ್ಚಾ ಕಿವಿ ಹಿಂಡಿದಳು, ಕೂಗಿದಳು. ರೆಪ್ಪೆ ಮಿಸುಕಲಿಲ್ಲ. ಬಣ್ಣ ನೋಡಿ ಮೋಸಹೋಗಬೇಡಿ, ಎಬ್ಬಿಸಿದರೆ ಏಳುತ್ತಾನಾ ನೋಡಿ ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು.

“ಸಾದಾತ್! ಕೈ ತೆಗಿ! ಆಂಬುಲೆನ್ಸಿಗೆ ಫೋನ್ ಮಾಡು!”

ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆ ಪಿಸುಗುಟ್ಟುವುದೂ ಇಲ್ಲದ ಊರು ಅದು. ಸಾದಾತ್ ಕೊಳವೆ ಎಳೆದುಕೊಂಡು ಫೋನ್ ತೆಗೆದಳು. ಬುರುಲ್ಚಾ ಮಾಸ್ಕ್ ಬಿಗಿದು, ಯಂತ್ರ ಹಾಕಿ, ಮಗನ ಗದ್ದ ಎತ್ತಿ ಹಿಡಿದು ಕೂತಳು. ಆಂಬುಲೆನ್ಸ್ ಅಂಗಳಕ್ಕೆ ಬರುವ ಹೊತ್ತಿಗೆ ಎಲ್ದಿಯಾರ್ ಕಣ್ಣು ಬಿಟ್ಟ.

ಸಾದಾತ್ ನೆಲದ ಮೇಲೆ ಕೂತಿದ್ದಳು. ಚೀಲ ಅವಳ ಮಡಿಲಲ್ಲೇ ಇತ್ತು.

“ನಮ್ಮ ವಾರ್ಡಲ್ಲಿ ಇವನಂಥೋರೇ ಮೂರು ಜನ ಹುಡುಗ್ರು ಇದ್ರು ಕಣೇ, ಬುರುಲ್ಚಾ. ಚೀಲ ಇಟ್ಟ ಮೇಲೆ ಹಿಂಗೇ ಕೆಂಪಗಾಗಿ ಮಲಗಿದ್ರು. ಸುಖವಾಗಿ ಹೋದ್ರು ಅಂತ ಅವರ ಅಮ್ಮಂದಿರಿಗೆ ನಾನೇ ಹೇಳಿದ್ದೆ.”