ಹಳ್ಳದ ದಡದಲ್ಲಿ ಬಿಟ್ಟುಬಂದ ರುಕ್ಮಣಿ

ಆಯುಧಪೂಜೆ ಮುಗಿದು ದೀಪಾವಳಿ ಬರುವವರೆಗಿನ ಶನಿವಾರಗಳಲ್ಲಿ ತಮಿಳು ಸೀಮೆಯ ಕಿಣತ್ತುಕಡವಿನ ಗ್ರಂಥಾಲಯದಲ್ಲಿ ಮನೆಮಂದಿಯ ಓದಿನ ಕೂಟ ನಡೆಯುತ್ತಿತ್ತು. ಒಬ್ಬೊಬ್ಬರೇ ಬರುವ ಹಾಗಿಲ್ಲ. ಅಪ್ಪ, ಅಮ್ಮ, ಮಕ್ಕಳು, ಮನೆಯಲ್ಲಿದ್ದರೆ ಹಿರಿಯರು, ಎಲ್ಲರೂ ಕೂಡಿ ಬರಬೇಕು. ಬಂದವರಿಗೆ ಮೊದಲು ಒಂದು ಕಥೆ, ಆಮೇಲೆ ಮನೆಗೊಯ್ಯಲು ಪುಸ್ತಕ. ಯಾವ ಮನೆಗೆ ಯಾವ ಪುಸ್ತಕ ಹೊಂದುತ್ತದೆ ಎಂದು ಹೇಳುವ ಕೆಲಸ ಜಯಪ್ರಿಯಾಳದು. ಬಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ಹುಡುಗಿ. ಜನರ ಮುಖ ನೋಡಿದರೆ ಅವರ ಮನೆಯ ಸಂಜೆಯೇ ಅವಳ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಮೋಟಾರು ರಿಪೇರಿಯ ಭೂಪತಿಯ ಮನೆಗೆ ಗಾಳಿಯಂತ್ರದ ಚಿತ್ರಗಳ ಪುಸ್ತಕ. ಕಣ್ಣಿನ ಆಪರೇಷನ್ ಆದ ತಾತ ಇರುವ ಮನೆಗೆ ದೊಡ್ಡಕ್ಷರದ ಹಾಸ್ಯಕಥೆಗಳು, ಆದರೆ ಓದಬೇಕಾದವಳು ಮೊಮ್ಮಗಳು.

ಕೊಟ್ಟದ್ದೆಲ್ಲ ಸರಿ, ತಿರುಗಿ ಬರುವುದೇ ಕಷ್ಟವಾಗಿತ್ತು. ಪುಸ್ತಕ ಒಯ್ದವರು ಮುಂದಿನ ವಾರ ಮುಖ ತೋರಿಸುತ್ತಿರಲಿಲ್ಲ.

"ಕಥೆಯನ್ನ ಅರ್ಧಕ್ಕೆ ನಿಲ್ಲಿಸು, ಪ್ರಿಯಾ," ಎಂದಳು ಗ್ರಂಥಪಾಲಕಿ ಸರಣ್ಯಾ. "ಮಿಕ್ಕದ್ದು ಕೇಳೋಕಾದ್ರೂ ಬರ್ತಾರಲ್ಲ. ಬರೋವಾಗ ಪುಸ್ತಕಾನೂ ಬರುತ್ತೆ."

ಜಯಪ್ರಿಯಾಳಿಗೆ ಅದು ಬಹಳ ಒಳ್ಳೆಯ ಉಪಾಯ ಅನ್ನಿಸಿತು. ಹೇಳಲು ಅವಳು ಆರಿಸಿಕೊಂಡದ್ದು ತನ್ನ ಅಜ್ಜಿ ವಳ್ಳಿಯಮ್ಮನ ಕಥೆಯನ್ನೇ. ಮನೆಯಲ್ಲಿ ಕನ್ನಡದಲ್ಲಿ ಕೇಳಿ ಬೆಳೆದದ್ದನ್ನು ತಮಿಳಿಗೆ ತಿರುಗಿಸಿಕೊಂಡು, ಆ ಶನಿವಾರ ಅಜ್ಜಿಯನ್ನೂ ಕರೆತಂದು ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದಳು.

ಕಥೆ ಸಣ್ಣದು. ತಪ್ಪಿಸಿಕೊಂಡ ಕರುವನ್ನು ಹುಡುಕುತ್ತಾ ರುಕ್ಮಣಿ ಎಂಬ ಹುಡುಗಿ ಮಳೆಯಲ್ಲಿ ಹೋಗುತ್ತಾಳೆ. ಗುಡ್ಡವನ್ನು ದಾರಿ ಕೇಳುತ್ತಾಳೆ, ಗುಡ್ಡ ಅವಳ ಕೈಬಳೆ ಕೇಳುತ್ತದೆ. ತಾಳೆಮರವನ್ನು ಕೇಳುತ್ತಾಳೆ, ತಾಳೆಮರ ಅವಳ ಹಾಡು ಕೇಳುತ್ತದೆ. ಕೊನೆಗೆ ಹಳ್ಳ. ಹಳ್ಳ ತುಂಬಿ ಬರುತ್ತಿದೆ, ಆಚೆ ದಡದಲ್ಲಿ ಕರು ಕೂಗುತ್ತಿದೆ. ಹುಡುಗಿ ಹಳ್ಳಕ್ಕೆ ತನ್ನ ಅಮ್ಮನ ಹೆಸರು ಹೇಳುತ್ತಾಳೆ. ಹಳ್ಳ ಎರಡಾಗಿ ದಾರಿ ಬಿಡುತ್ತದೆ. ಕರುವಿನೊಡನೆ ಮನೆಗೆ ಬರುತ್ತಾಳೆ. ಅಮ್ಮ ತಲೆ ಒರೆಸಿ ಬಿಸಿ ಅನ್ನ ಇಕ್ಕುತ್ತಾಳೆ.

ಜಯಪ್ರಿಯಾ ಚೆನ್ನಾಗಿ ಹೇಳಿದಳು. ಮಕ್ಕಳು ಕುರ್ಚಿಯಂಚಿಗೆ ಸರಿದಿದ್ದರು. ಹೊರಗೆ ನಿಜವಾದ ಮಳೆಯೇ ತಗಡಿನ ಮೇಲೆ ತಾಳ ಹಾಕುತ್ತಿತ್ತು. ಹಳ್ಳದ ನೀರು ಹುಡುಗಿಯ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಬಾಗಿಲ ಬಳಿ ನಿಂತಿದ್ದ ಸರಣ್ಯಾ ಕೈ ಎತ್ತಿದಳು.

"ಮಿಕ್ಕದ್ದು ಬರೋ ಶನಿವಾರ," ಎಂದಳು ಜಯಪ್ರಿಯಾ.

ಮಕ್ಕಳು ಗಲಾಟೆ ಎಬ್ಬಿಸಿದರು, ದೊಡ್ಡವರು ನಕ್ಕರು. ಆ ಗದ್ದಲದ ನಡುವೆ ಅವಳು ಅಜ್ಜಿಯ ಕಡೆ ನೋಡಿದಳು. ವಳ್ಳಿಯಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನೆಟ್ಟಗೆ ಕೂತಿದ್ದಳು.

ಆಗಲೇ ಜಯಪ್ರಿಯಾಳಿಗೆ ತಾನು ಮಾಡಿದ್ದೇನೆಂದು ಹೊಳೆದದ್ದು.

ರುಕ್ಮಣಿ ಅಜ್ಜಿಯ ಮೊದಲ ಮಗಳು. ಇಂಥದೇ ಐಪ್ಪಸಿ ತಿಂಗಳ ಮಳೆಯಲ್ಲಿ ಕರು ಹುಡುಕಲು ಹೋದವಳು ಬರಲಿಲ್ಲ. ಅಜ್ಜಿ ಈ ಕಥೆ ಕಟ್ಟಿದ್ದು ಆಮೇಲೆ. ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಆಡದಿದ್ದರೂ ಎಲ್ಲರಿಗೂ ಗೊತ್ತಿತ್ತು; ಹಾಗೆಯೇ ಈ ಕಥೆಯನ್ನು ನಡುವೆ ನಿಲ್ಲಿಸಬಾರದು ಎಂಬುದೂ ಗೊತ್ತಿತ್ತು. ಚಿಕ್ಕಂದಿನಲ್ಲಿ ಜಯಪ್ರಿಯಾ ಹಳ್ಳಕ್ಕೆ ಬರುವಷ್ಟರಲ್ಲೇ ನಿದ್ದೆ ಹೋದರೆ ಅಜ್ಜಿ ಮೆಲ್ಲಗೆ ಅಲುಗಿಸುತ್ತಿದ್ದಳು: "ಏಳು ನನ್ ಕಣ್ಣು, ಅವಳು ಒಳಗ್ ಬರಲಿ, ಆಮೇಲ್ ಮಲಕ್ಕೊ." ಗೊತ್ತಿದ್ದೂ ಅವಳು ನಿಲ್ಲಿಸಿದ್ದಳು. ಆ ಗಳಿಗೆಯಲ್ಲಿ ರುಕ್ಮಣಿ ಅವಳಿಗೆ ಬರೀ ಕಥೆಯ ಹುಡುಗಿಯಾಗಿದ್ದಳು.

ಮನೆಗೆ ನಡೆಯುತ್ತಾ ಅಜ್ಜಿ ಕೇಳಿದ್ದು ಒಂದೇ ಮಾತು.

"ವಾರ ಪೂರಾ ಅವಳು ನೀರಲ್ಲೇ ನಿಂತಿರಬೇಕಾ?"

"ಅಜ್ಜಿ, ಸುಮ್ನೆ ಕಥೆಗೆ..."

"ಶರಿ ಬಿಡು."

ಆ ದಿನದಿಂದ ವಳ್ಳಿಯಮ್ಮ ಸಂಜೆಯ ಊಟ ಬಿಟ್ಟಳು. ಬೆಳಿಗ್ಗೆ ಎಂದಿನಂತೆ ತಿನ್ನುತ್ತಾಳೆ, ಸೊಪ್ಪು ಬಿಡಿಸುತ್ತಾಳೆ, ಎಮ್ಮೆಯನ್ನು ಬೈಯುತ್ತಾಳೆ. ದೀಪ ಹಚ್ಚುವ ಹೊತ್ತಾದರೆ ಜಗಲಿಯಲ್ಲಿ ಕೂತು ಬೀದಿ ನೋಡುತ್ತಾಳೆ. "ಹೊಟ್ಟೆ ಮಂದ ಅಂತಾರೆ," ಎಂದಳು ಜಯಪ್ರಿಯಾಳ ಅಮ್ಮ ಶಾರದ. "ವಯಸ್ಸಾಯ್ತಲ್ಲ." ಜಯಪ್ರಿಯಾ ಅಜ್ಜಿಯ ಖಾಲಿ ತಟ್ಟೆಯನ್ನು ಎತ್ತಿ ಗೂಡಿಗೆ ಇಟ್ಟಳು.

ಶನಿವಾರ ಬರಲಿ ಎಂದು ಅವಳು ಕಾದಳು. ಬಂದದ್ದು ಮಳೆ. ಗ್ರಂಥಾಲಯದ ಸೂರು ಸೋರಿ, ಕಪಾಟುಗಳ ಮೇಲೆ ಪ್ಲಾಸ್ಟಿಕ್ ಹೊದಿಸಿ, ಕೂಟವನ್ನು ದೀಪಾವಳಿಯ ಆಚೆಗೆ ಹಾಕಿದರು.

"ಕೂಟದ ಫೋನ್ ಗ್ರೂಪಲ್ಲಿ ಮಿಕ್ಕದ್ದು ವಾಯ್ಸ್ ಹಾಕಿಬಿಡು," ಎಂದಳು ಸರಣ್ಯಾ, ಒದ್ದೆ ಪುಸ್ತಕಗಳನ್ನು ಫ್ಯಾನಿನ ಕೆಳಗೆ ಹರಡುತ್ತಾ. "ಇಷ್ಟಕ್ಕೆ ಯಾಕೆ ಅಳು ಮುಖ?"

ಹಾಕಿದಳು. ಕೆಲವರು ಹೆಬ್ಬೆಟ್ಟೆತ್ತಿದ ಗುರುತು ಒತ್ತಿದರು. ಕೇಳಿ ಒತ್ತಿದರೋ ಕೇಳದೆ ಒತ್ತಿದರೋ ತಿಳಿಯುವ ಹಾಗಿರಲಿಲ್ಲ. ಸಂಜೆ ಅಜ್ಜಿಯ ಪಕ್ಕ ಕೂತು, "ಈಗಲೇ ನಿಂಗೆ ಮುಗಿಸಿ ಹೇಳ್ತೀನಿ," ಎಂದಳು.

"ನಂಗ್ ಯಾಕೆ? ನಾನು ಅವಳನ್ನ ದಿನಾ ಕರ್ಕೊಂಡ್ ಬತ್ತೀನಿ." ಅಜ್ಜಿಯ ದನಿಯಲ್ಲಿ ಕೋಪವಿರಲಿಲ್ಲ. "ಅಷ್ಟು ಜನದ ಮನಸಲ್ಲಿ ನಿಲ್ಸಿ ಬಂದ್ಯಲ್ಲ, ಅಲ್ಲಿಂದ ಯಾರ್ ಕರ್ಕೊಂಡ್ ಬರೋದು?"

ಮರುದಿನದಿಂದ ಜಯಪ್ರಿಯಾ ಕೊಡೆ ಹಿಡಿದು ಮನೆಮನೆಗೆ ಹೊರಟಳು. ಪುಸ್ತಕ ಕೊಟ್ಟ ಮನೆಗಳೆಲ್ಲ ಅವಳಿಗೆ ಗೊತ್ತಿದ್ದವು. ಭೂಪತಿಯ ಅಂಗಡಿಯಲ್ಲಿ ಬಿಚ್ಚಿಟ್ಟ ಪಂಪಿನ ನಡುವೆ ನಿಂತು ಹಳ್ಳವನ್ನು ಎರಡಾಗಿಸಿದಳು.

"ಇಷ್ಟು ಹೇಳೋಕೆ ಮಳೇಲಿ ಬಂದ್ಯಾಮ್ಮಾ? ನೀನು ಪುಸ್ತಕ ಕೇಳೋಕೆ ಬಂದೆ ಅಂದ್ಕೊಂಡು ನಾನು ಬಚ್ಚಿಡೋಕೆ ನೋಡ್ತಿದ್ದೆ," ಎಂದು ಅವನು ನಕ್ಕ. ಒಂದು ಮನೆಯಲ್ಲಿ ಟೀವಿಯ ಸದ್ದು ಕಡಿಮೆ ಮಾಡದೆಯೇ ಕೇಳಿದರು. ಇನ್ನೊಂದರಲ್ಲಿ ತಾತ, ಕರುವಿಗೆ ಏನಾಯಿತು, ಅದು ಹೆಣ್ಣೋ ಗಂಡೋ ಎಂದೆಲ್ಲ ವಿಚಾರಿಸಿ ಬಿಸಿ ಕಾಫಿ ಕುಡಿಸಿ ಕಳಿಸಿದ. ಪ್ರತಿ ಮನೆಯಲ್ಲೂ ಅವಳು ತಲೆ ಒರೆಸುವವರೆಗೆ, ಅನ್ನ ಇಕ್ಕುವವರೆಗೆ ಬಿಡದೆ ಹೇಳಿದಳು. ಹೇಳಿ ಹೊರಬಂದಾಗ ಹಗುರವಾಗುತ್ತದೆ ಅಂದುಕೊಂಡಿದ್ದಳು. ಆಗಲಿಲ್ಲ. ಒಬ್ಬ ತಾಯಿಯ ಮಗುವನ್ನು ನಾಲ್ಕು ಪುಸ್ತಕಕ್ಕಾಗಿ ನೀರಲ್ಲಿ ನಿಲ್ಲಿಸಿದೆನಲ್ಲ ಎಂಬುದು ಒದ್ದೆ ಲಂಗದ ಹಾಗೆ ಕಾಲಿಗೆ ಸುತ್ತಿಕೊಂಡೇ ಬಂತು.

ಕೊನೆಗೆ ಉಳಿದದ್ದು ಕಲೈಸೆಲ್ವಿಯ ಮನೆ. ಪೂಜೆಯ ರಜೆಗೆ ತವರಿಗೆ ಬಂದಿದ್ದವಳು, ಗಂಡ ಮಗಳೊಂದಿಗೆ ತಿರುಪ್ಪೂರಿಗೆ ಹೋಗಿಬಿಟ್ಟಿದ್ದಳು. ಗಂಡ ಹೆಂಡತಿ ಇಬ್ಬರಿಗೂ ಬನಿಯನ್ ಕಂಪನಿಯಲ್ಲಿ ಕೆಲಸ. ಮಗಳು ಯಾಳಿನಿ, ಆ ದಿನ ಎಲ್ಲರಿಗಿಂತ ಮುಂದೆ ನೆಲದ ಮೇಲೆ ಕೂತು ಬಾಯಿ ತೆರೆದು ಕೇಳಿದ್ದ ಹುಡುಗಿ.

ಎಷ್ಟು ಸಲ ಮಾಡಿದರೂ ಫೋನ್ ಸಿಗಲಿಲ್ಲ. ಒಂದು ಸಂಜೆ, ಶಾರದ ಒಳಗೆ ಒಗ್ಗರಣೆ ಹಾಕುತ್ತಿದ್ದಾಗ ಸಿಕ್ಕಿತು. ಕಲೈಸೆಲ್ವಿ ಆಗಷ್ಟೇ ಶಿಫ್ಟ್ ಮುಗಿಸಿ ಮನೆಗೆ ಬಂದಿದ್ದಳು. ಜಗಲಿಯಲ್ಲಿ ಕೂತಿದ್ದ ಅಜ್ಜಿ ಇತ್ತ ತಿರುಗಿದಳು. ಜಯಪ್ರಿಯಾ ಫೋನನ್ನು ಕಿವಿಗೆ ಒತ್ತಿಕೊಂಡು ಅಂಗಳಕ್ಕೆ ಇಳಿದಳು.

"ಕಥೆನಾ?" ಕಲೈಸೆಲ್ವಿ ನಕ್ಕಳು. "ಇರಿ, ಅವಳಿಗೇ ಕೊಡ್ತೀನಿ."

"ಯಾಳಿನಿ, ಲೈಬ್ರರಿ ಅಕ್ಕ ಮಾತಾಡ್ತಿರೋದು. ಆ ದಿನ ಹಳ್ಳದಲ್ಲಿ ನಿಂತಿದ್ದಳಲ್ಲ ರುಕ್ಮಣಿ, ಅವಳು..."

"ಯಾರಕ್ಕ ಅದು?"

"ಕರು ಹುಡುಕಿಕೊಂಡು ಹೋದಳಲ್ಲ. ಮಳೆಯಲ್ಲಿ."

ಮಗು ನೆನಪು ಮಾಡಿಕೊಳ್ಳಲು ಪ್ರಾಮಾಣಿಕವಾಗಿ ಪ್ರಯತ್ನಿಸುತ್ತಿತ್ತು, ಅದು ಉಸಿರಲ್ಲೇ ತಿಳಿಯುತ್ತಿತ್ತು. "ಮರೆತು ಹೋಯ್ತಕ್ಕ. ಮೊದಲಿಂದ ಹೇಳ್ತೀರಾ?"

ಜಯಪ್ರಿಯಾ ಬಾಯಿ ತೆರೆದಳು. ಮೊದಲಿಂದ ಹೇಳಬೇಕೆಂದರೆ ರುಕ್ಮಣಿಯನ್ನು ಮತ್ತೆ ಮಳೆಗೆ ಕಳಿಸಬೇಕು. ಬೆಚ್ಚಗೆ ಮನೆಯಲ್ಲಿರುವ ಹುಡುಗಿಯನ್ನು ಎಬ್ಬಿಸಿ, ಬಳೆ ಕಳಚಿಸಿ, ಹಳ್ಳಕ್ಕೆ ಇಳಿಸಬೇಕು. ಅತ್ತ ಫೋನಿನಲ್ಲಿ ಯಾಳಿನಿಯನ್ನು ಯಾರೋ ಹೆಸರು ಹಿಡಿದು ಕರೆದರು. ಕಥೆಯ ನಡುವೆ ಎದ್ದು ಹೋಗಿಬಿಟ್ಟರೆ?

"ಇನ್ನೊಂದು ದಿನ ಹೇಳ್ತೀನಿ ಕಣ್ಣು," ಎಂದು ಫೋನ್ ಇಟ್ಟಳು.

ಅಜ್ಜಿ ಜಗಲಿಯಿಂದ ಎದ್ದು ನಿಂತಿದ್ದಳು. ಕಂಬ ಹಿಡಿದು ಮೆಟ್ಟಿಲವರೆಗೆ ಬಂದಿದ್ದಳು.

"ಅದೇ ಕೊನೇ ಮನೆ ಅಲ್ವಾ? ಒಳಗ್ ಬಂದ್ಳಾ?"

ಯಾಳಿನಿಯ ಮನಸ್ಸಿನ ಹಳ್ಳದಲ್ಲಿ ಯಾರೂ ನಿಂತಿರಲಿಲ್ಲ. ನಿನ್ನ ಮಗಳನ್ನು ಒಂದು ಮಗು ಮರೆತೇ ಬಿಟ್ಟಿದೆ ಎಂದು ಯಾವ ಬಾಯಲ್ಲಿ ಹೇಳುವುದು?

"ಬಂದಳು ಅಜ್ಜಿ."

"ತಲೆ ಒರೆಸಿದ್ರಾ?"

"ಒರೆಸಿದರು."

ವಳ್ಳಿಯಮ್ಮ ದೊಡ್ಡದಾಗಿ ಉಸಿರು ಬಿಟ್ಟಳು. ಒಳಗೆ ಹೋಗಿ ಗೋಡೆಗೆ ಒರಗಿ ಕೂತು ತಟ್ಟೆ ಎಳೆದುಕೊಂಡಳು. "ಶಾರದಾ, ನಂಗೂ ಇಕ್ಕು. ರಸ ಬಿಸಿ ಇದೆಯಾ?" ಶಾರದ ಬೆರಗಾಗಿ ಮಗಳ ಮುಖ ನೋಡಿದಳು. ಅಜ್ಜಿ ಎರಡನೇ ಸಲ ಅನ್ನ ಹಾಕಿಸಿಕೊಂಡು, ಬೆರಳು ನೆಕ್ಕಿ, "ನೀನೂ ಕೂತ್ಕೊ ಕಣ್ಣು, ಎಷ್ಟು ಅಲೆದೆ ನನ್ನಿಂದ," ಎಂದು ಪಕ್ಕದ ನೆಲ ತಟ್ಟಿ ತೋರಿಸಿದಳು.

ಜಯಪ್ರಿಯಾ ಕೂತಳು. ಅಜ್ಜಿಯೇ ಕಲಸಿ ಕೊಟ್ಟ ತುತ್ತನ್ನು ಬಾಯಿಗಿಟ್ಟುಕೊಂಡಳು; ಕಣ್ಣು ಮಾತ್ರ ಬಾಗಿಲಾಚೆಯ ಬೀದಿಯ ಕಡೆಗಿತ್ತು.