ಇಪ್ಪತ್ತಮೂರು ನಿಮಿಷದ ಹಾಡು

ಶಬ್ದವೇ ಇಲ್ಲದಿದ್ದಾಗಲೂ ಮೇಷ್ಟ್ರು ಗುಂಡಿ ಒತ್ತಿದರು.

ಅವನು ಗಾಜಿನ ಈಚೆಯಿಂದ ನೋಡಿದ. ಆಚೆ, ಹೊರಗಿನ ಸದ್ದು ನುಗ್ಗದ ಪುಟ್ಟ ಕೋಣೆಯಲ್ಲಿ, ಮೇಷ್ಟ್ರು ಹೆಡ್‌ಫೋನ್ ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಕಿವಿಗೆ ಸದ್ದು ಬಿದ್ದರೆ ಗುಂಡಿ ಒತ್ತಬೇಕು, ಅಷ್ಟೇ ಪರೀಕ್ಷೆ. ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದ ಅವನಿಗೆ ತಡವಾಗಿ ಒತ್ತುವವರು ಗೊತ್ತು, ಒತ್ತಲು ಮರೆತು ಕೂರುವವರೂ ಗೊತ್ತು. ಮೇಷ್ಟ್ರು ಮಾತ್ರ, ಸದ್ದು ಬಿಡುವಾಗ ಅಲುಗುವ ಅವನ ಭುಜವನ್ನೇ ನೋಡುತ್ತಿದ್ದರು. ಅವನು ಬೇಕೆಂದೇ ಸುಮ್ಮನೆ ಭುಜ ಅಲುಗಿಸಿದ. ಮೇಷ್ಟ್ರು ಒತ್ತಿದರು.

ಅವನು ಕುರ್ಚಿ ತಿರುಗಿಸಿ ಬೆನ್ನು ಹಾಕಿ ಕೂತ. ಗುಂಡಿ ಒತ್ತಿದರೆ ಹೊತ್ತುವ ಯಂತ್ರದ ದೀಪ ಆಮೇಲೆ ಹೊತ್ತಿದ್ದು ಎರಡೇ ಸಲ.

ಹೊರಬಂದ ಮೇಷ್ಟ್ರು ಅವನ ತುಟಿಯನ್ನೇ ನೋಡುತ್ತಾ, "ಹೇಗಿದೆ ಡಾಕ್ಟ್ರೇ?" ಎಂದರು. ತಾನು ಡಾಕ್ಟರಲ್ಲ ಎಂದು ಹೇಳಿ ಹೇಳಿ ಅವನಿಗೆ ಸಾಕಾಗಿತ್ತು.

"ಎಷ್ಟು ವರ್ಷದಿಂದ ಹೀಗಿದೆ?"

"ವಯಸ್ಸಾಯ್ತಲ್ಲ."

"ಎಷ್ಟು ವರ್ಷ ಆಯ್ತು ಅಂತ ಕೇಳಿದೆ."

"ಇವತ್ತು ನಿಮ್ಮ ಸರದಿ ಅಲ್ವಾ? ಐದು ಗಂಟೆಗೆ ಬಂದ್ಬಿಡಿ." ಅವನು ಕೊಟ್ಟ ವರದಿಯನ್ನು ಮೇಷ್ಟ್ರು ಮಡಿಸಿ ಅವನ ಮೇಜಿನ ಮೇಲೇ ಇಟ್ಟರು. "ಇದು ನಿಮ್ಮ ಹತ್ರಾನೇ ಇರ್ಲಿ."

ಪ್ರತಿ ಶನಿವಾರ ಸಂಜೆ ಮೇಷ್ಟ್ರ ಮನೆಯಲ್ಲಿ ನಾಲ್ವರು ಸೇರುತ್ತಿದ್ದರು. ಚಿತ್ರಕಲೆ ಕಲಿಸಿ ನಿವೃತ್ತರಾದ ಮೇಷ್ಟ್ರು, ಒಬ್ಬ ದಂತವೈದ್ಯ, ಲೈಬ್ರರಿಯಲ್ಲಿ ಕೆಲಸ ಮಾಡುವ ಒಬ್ಬಳು, ಮತ್ತು ಅವನು. ನಾಲ್ವರಿಗೂ ಪ್ರೋಗ್ರೆಸಿವ್ ರಾಕ್ ಎಂಬ ಪಾಶ್ಚಾತ್ಯ ಸಂಗೀತದ ಹುಚ್ಚು. ವಾರಕ್ಕೊಬ್ಬರು ತಮಗಿಷ್ಟವಾದ ಒಂದು ಹಾಡು ತರಬೇಕು, ಉಳಿದವರು ಕೇಳಬೇಕು. ಅವೆಲ್ಲ ಉದ್ದುದ್ದ ಹಾಡುಗಳು, ನಡುದಾರಿಯಲ್ಲಿ ತಾಳ ಬದಲಿಸುವಂಥವು. "ಹಾಡೋನು ಬಾಯಿ ಬಿಡೋಷ್ಟರಲ್ಲಿ ನನ್ನ ಅಡುಗೆ ಮುಗಿದಿರುತ್ತೆ," ಎಂದು ಅವನ ಹೆಂಡತಿ ನಗುತ್ತಿದ್ದಳು.

ಆರು ವರ್ಷದ ಹಿಂದೆ, ಅವನು ತಂದ ಮೊದಲ ಹಾಡು ಮುಗಿದ ಮೇಲೆ, ಮೇಷ್ಟ್ರು ಹೇಳಿದ್ದರು: "ನಿಮಗೆ ಕಿವಿ ಇದೆ ಕಣ್ರೀ."

ಅಂಥ ಮಾತನ್ನು ಅವನಿಗೆ ಅಪ್ಪ ಹೇಳಿರಲಿಲ್ಲ, ಆಸ್ಪತ್ರೆಯಲ್ಲಿ ಯಾರೂ ಹೇಳಿರಲಿಲ್ಲ. ಆರು ವರ್ಷ ಅವನು ಅದೊಂದು ಮಾತಿನ ಮೇಲೆ ಬದುಕಿದ್ದ. ಈಗ ವರದಿಯಲ್ಲಿ ಕೆಳಕ್ಕೆ ಜಾರಿದ್ದ ಗೆರೆಯನ್ನು ಮತ್ತೆ ನೋಡಿದ. ಇಷ್ಟು ಕೇಳದಂತಾಗಲು ಹತ್ತು ವರ್ಷವಾದರೂ ಬೇಕು. ಹಾಗಿದ್ದರೆ ಅವತ್ತು ಮೇಷ್ಟ್ರು ಹೊಗಳಿದ್ದು ಏನನ್ನು?

ಆ ಸಂಜೆಗೆಂದು ಅವನು ತೆಗೆದಿಟ್ಟಿದ್ದು ಕಾಲೇಜಿನ ದಿನಗಳಿಂದ ಯಾರಿಗೂ ಕೇಳಿಸದೆ ಬಚ್ಚಿಟ್ಟುಕೊಂಡ ರೆಕಾರ್ಡ್. ಒಂದು ಬದಿ ಪೂರ್ತಿ ಒಂದೇ ಹಾಡು, ಇಪ್ಪತ್ತಮೂರು ನಿಮಿಷ. ಬೇರೆ ಯಾವುದಾದರೂ ಒಯ್ದರಾಯಿತು ಎಂದುಕೊಂಡ. ಆದರೂ ಅದನ್ನೇ ಕಂಕುಳಲ್ಲಿಟ್ಟುಕೊಂಡು ಹೊರಟ.

ದಾರಿಯುದ್ದಕ್ಕೂ ಅನುಮಾನ ಬೆಳೆಯುತ್ತಾ ಹೋಯಿತು. ದಂತವೈದ್ಯ ಯಾವತ್ತೂ ಮೇಷ್ಟ್ರು ಬಾಯಿ ಬಿಟ್ಟ ಮೇಲೆಯೇ ಮಾತಾಡುತ್ತಿದ್ದ. ಲೈಬ್ರರಿಯವಳು ಒಮ್ಮೆ, ಡ್ರಮ್ಮೇ ಇಲ್ಲದ ಹಾಡಿಗೆ, "ಡ್ರಮ್ಸ್ ಅದ್ಭುತ" ಎಂದಿದ್ದಳು. ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು. ಆ ನಗು ಇವತ್ತು ಬೇರೆಯಾಗಿ ನೆನಪಾಯಿತು.

"ಏನು ತಂದಿದ್ದೀರಿ?" ಮೇಷ್ಟ್ರ ಮನೆಯಲ್ಲಿ ದಂತವೈದ್ಯ ಕೇಳಿದ.

"ಕೇಳಿ, ಗೊತ್ತಾಗುತ್ತೆ."

"ಉದ್ದವಾ?" ಲೈಬ್ರರಿಯವಳು ಗಡಿಯಾರ ನೋಡಿದಳು.

"ಇದ್ದಷ್ಟು."

ಮೇಷ್ಟ್ರು ಸ್ಪೀಕರ್ ಪೆಟ್ಟಿಗೆಗೆ ಒತ್ತಿ ಕೂತು, ಅದರ ಮೇಲೆ ಅಂಗೈ ಊರಿದರು. ಮನೆ ಯಜಮಾನರ ಜಾಗ ಎಂದು ಯಾರೂ ಅಲ್ಲಿ ಕೂರುತ್ತಿರಲಿಲ್ಲ. ಅವನು ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದ. ಎಲ್ಲರೂ ಎಂದಿನಂತೆ ಕಣ್ಣು ಮುಚ್ಚಿದರು.

ಅವನು ಮುಚ್ಚಲಿಲ್ಲ. ಮುಖಗಳನ್ನು ಒಂದೊಂದಾಗಿ ನೋಡಿದ. ಎಲ್ಲರ ತಲೆ ಸರಿಯಾಗಿಯೇ ತೂಗುತ್ತಿತ್ತು. ಏಳೇಳು ಎಣಿಕೆಯ ತಾಳಕ್ಕೆ ಮೇಷ್ಟ್ರ ಬೆರಳು ಒಂದೂ ತಪ್ಪದೆ ಬೀಳುತ್ತಿತ್ತು. ಅದು ಅವನನ್ನು ಇನ್ನಷ್ಟು ಕೆರಳಿಸಿತು. ಯಾರನ್ನು ನೋಡಿ ಬಡಿಯುತ್ತಿದ್ದಾರೆ? ಕಣ್ಣು ಮುಚ್ಚಿದೆಯಲ್ಲ!

ಒಂಬತ್ತನೇ ನಿಮಿಷಕ್ಕೆ ವಾದ್ಯಗಳೆಲ್ಲ ಹಿಂದೆ ಸರಿದು ಕೊಳಲೊಂದೇ ಉಳಿಯಿತು. ಹತ್ತೊಂಬತ್ತರ ವಯಸ್ಸಿನಲ್ಲಿ, ಹಾಸ್ಟೆಲಿನ ಕೋಣೆಯಲ್ಲಿ, ಅವನು ಒಬ್ಬನೇ ಕೂತು ಅತ್ತಿದ್ದ ಜಾಗ ಅದು. ಅವನು ಕೈ ಚಾಚಿ ವಾಲ್ಯೂಮ್ ಇಳಿಸುತ್ತಾ ಹೋದ. ಪೂರ್ತಿ ಇಳಿಸಿದ. ರೆಕಾರ್ಡ್ ಸುತ್ತುತ್ತಲೇ ಇತ್ತು. ಮುಳ್ಳು ಗೀರುವ ಸಣ್ಣ ಕರಕರ ಬಿಟ್ಟರೆ ಕೋಣೆಯಲ್ಲಿ ಏನೂ ಇರಲಿಲ್ಲ.

ದಂತವೈದ್ಯನ ತಲೆ ತೂಗುತ್ತಲೇ ಇತ್ತು. ಲೈಬ್ರರಿಯವಳು ಕಣ್ಣು ಮುಚ್ಚಿಕೊಂಡೇ ಮೆಲ್ಲಗೆ ಮುಗುಳ್ನಕ್ಕಳು. ಹಾಡಿನಲ್ಲೇ ಒಂದು ಮೌನವಿದೆ ಎಂದುಕೊಂಡರೋ ಏನೋ. ಒಂದು ನಿಮಿಷವಾಯಿತು, ಎರಡಾಯಿತು.

ಕಣ್ಣು ತೆರೆದವರು ಮೇಷ್ಟ್ರೊಬ್ಬರೇ.

ಅವರು ಅದುರು ನಿಂತ ಪೆಟ್ಟಿಗೆಯ ಮೇಲಿದ್ದ ತಮ್ಮ ಅಂಗೈ ನೋಡಿಕೊಂಡರು, ಪೆಟ್ಟಿಗೆಯನ್ನು ನೋಡಿದರು, ಆಮೇಲೆ ಅವನನ್ನು. ಅವನ ಕೈಯ ಅರ್ಧ ಯಂತ್ರದ ಹಿಂದೆ ಮರೆಯಾಗಿತ್ತು. ಮೇಷ್ಟ್ರು ದನಿಯಿಲ್ಲದೆ ತುಟಿಯಲ್ಲೇ ಕೇಳಿದರು: "ಮುಗೀತಾ?"

ಅವನು ತಲೆಯಲ್ಲಾಡಿಸಿದ. ಇಲ್ಲ, ಇನ್ನೂ ಇದೆ.

ಮೇಷ್ಟ್ರು ನಂಬಿದರು. ಅಥವಾ ನಂಬಿದಂತೆ ನಟಿಸಿದರೋ, ಅವನಿಗೆ ತಿಳಿಯಲಿಲ್ಲ. ಮತ್ತೆ ಕಣ್ಣು ಮುಚ್ಚಿಕೊಂಡರು. ಈಗ ವಾಲ್ಯೂಮ್ ಗುಂಡಿ ತಿರುಗಿಸಿದರೆ ದನಿ ಧುತ್ತೆಂದು ಎದ್ದು ನಿಲ್ಲುತ್ತದೆ, ಎಲ್ಲರೂ ತನ್ನ ಕಡೆ ತಿರುಗುತ್ತಾರೆ. ಗುಂಡಿಯ ಮೇಲಿದ್ದ ಅವನ ಬೆರಳು ಕದಲಲಿಲ್ಲ.

ಮೇಷ್ಟ್ರ ಅಂಗೈ ಪೆಟ್ಟಿಗೆಯ ಮೇಲಿಂದ ಪಕ್ಕಕ್ಕೆ ಜಾರಿತು. ಒಂದು ಕಡೆ ಒತ್ತಿ ನಿಂತಿತು, ಎತ್ತಿ ಇನ್ನೊಂದು ಕಡೆ ಒತ್ತಿತು, ಮುಂಭಾಗದ ಬಟ್ಟೆಯ ಮೇಲೆ ಬೆರಳು ಬಿಡಿಸಿ ಕಾದಿತು. ಮಲಗಿದವರ ಎದೆ ಮುಟ್ಟಿ, ಉಸಿರಿದೆಯೇ ಎಂದು ಹುಡುಕುವ ಕೈಯಂತೆ, ಆತುರವಿಲ್ಲದೆ, ಕೆಳಗೆ ಕೆಳಗೆ ಇಳಿಯುತ್ತಾ ಹೋಯಿತು.